ಬಾನೆಟ್ ಎತ್ತಿದರೆ ಬಣ್ಣ ಬಯಲು

ಹಳೇ ಕಾರು ಇಟ್ಟುಕೊಂಡವರನ್ನು ಕೆಣಕಬೇಕೆಂದಿದ್ದರೆ ಎಷ್ಟು ಕೊಟ್ರಿ, ಲೀಟರಿಗೆ ಎಷ್ಟು ಓಡುತ್ತೆ ಎಂದೆಲ್ಲ ಕೇಳಬೇಡಿ. ಅದಕ್ಕೆಲ್ಲ ಅವರ ಹತ್ತಿರ ಉತ್ತರ ಸಿದ್ಧವಿರುತ್ತದೆ. ಅದರಲ್ಲಿ ಅರ್ಧ ಸುಳ್ಳು ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಬಾನೆಟ್ ಎತ್ತಿಸಿ, ಕೈ ಹಿಂದೆ ಕಟ್ಟಿಕೊಂಡು ಒಳಗೆ ಬಗ್ಗಿ, ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಆಮೇಲೆ ಮೆಲ್ಲಗೆ ಕೇಳಿ: "ಈ ಕಪ್ಪು ಕಂಪನಿ ಕಪ್ಪೇನಾ ಸಾರ್?" ಅಷ್ಟು ಸಾಕು. ಆ ಮನುಷ್ಯನಿಗೆ ಆ ರಾತ್ರಿ ನಿದ್ದೆಯಿಲ್ಲ.

ನಮ್ಮ ಭಾವನವರ ಹತ್ತಿರ 1967ರ ಒಂದು ಫಿಯೆಟ್ 1100 ಇದೆ. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದ ಗಾಡಿ. ಇದರ ತಂಗಿಯೇ ಮುಂದೆ ಪದ್ಮಿನಿ ಅನ್ನಿಸಿಕೊಂಡು, ಕಪ್ಪು ಹಳದಿ ಟ್ಯಾಕ್ಸಿಯಾಗಿ, ಹಿಂದಿ ಸಿನಿಮಾ ನೋಡಿದವರಿಗೆಲ್ಲ ಪರಿಚಯವಾದವಳು. 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಗಾಡಿಯನ್ನು ಪೂರ್ತಿ ಬಿಚ್ಚಿ ಹೊಸದು ಮಾಡಿಸುವ ಹುಚ್ಚು ಹತ್ತಿದಾಗ ಹೊರಗಿನ ಬಣ್ಣ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನವಾಯಿತು: ಆರ್.ಸಿ.ಯಲ್ಲಿ ಬರೆದಿರುವ ತಿಳಿ ಬೂದು, ಮಾತೇ ಇಲ್ಲ. ಸೀಟಿನ ಬಟ್ಟೆಯನ್ನು ಅಕ್ಕ ಆರಿಸಿದಳು, ಅಲ್ಲೂ ಮಾತಿಲ್ಲ. ರಾಮಾಯಣ ಶುರುವಾದದ್ದು ಬಾನೆಟ್ಟಿನ ಕೆಳಗೆ. ಅಲ್ಲಿ ಯಾವ ಬಣ್ಣ ಅಂತ ಆರ್.ಸಿ.ಯೂ ಹೇಳುವುದಿಲ್ಲ, ಅಕ್ಕನೂ ಹೇಳುವುದಿಲ್ಲ. ಹೇಳುವವರಿಲ್ಲದ ಕಡೆ ಗಂಡಸರು ಎಷ್ಟು ಯೋಚಿಸಬಲ್ಲರು ಎಂಬುದನ್ನು ನಾನು ಆ ವರ್ಷ ಕಣ್ಣಾರೆ ಕಂಡೆ.

ಈ ಹುಚ್ಚಿಗೆ ಸರ್ಕಾರವೂ ತುಪ್ಪ ಸುರಿದಿದೆ ಎಂದರೆ ನಂಬುತ್ತೀರಾ? ಐವತ್ತು ವರ್ಷ ದಾಟಿದ ಗಾಡಿಗಳಿಗೆಂದೇ 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬೇರೆ ನೋಂದಣಿ ಮಾಡಿತು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ 'ವಿ.ಎ.' ಎಂದು ಬರುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸುವುದಕ್ಕೆ, ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ಅಂದರೆ ಸೊಪ್ಪು ತರಲು ಹೋಗುವಂತಿಲ್ಲ, ಬಾನೆಟ್ ಎತ್ತಿಕೊಂಡು ಮೈದಾನದಲ್ಲಿ ನಿಲ್ಲಲು ಧಾರಾಳವಾಗಿ ಹೋಗಬಹುದು. ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು ಎಂಬ ಷರತ್ತೂ ಇದೆ. ಭಾವ ಅದನ್ನು ಓದಿ, ಕನ್ನಡಕ ತೆಗೆದು, "ನೋಡಿದೆಯಾ, ಇನ್ನು ಮೇಲೆ ಇದು ನನ್ನ ಖಯಾಲಿ ಅಲ್ಲ, ಕಾನೂನು" ಅಂದರು. ಮೂಲರೂಪ ಎಂದರೆ ಬೋಲ್ಟಿನ ಬಣ್ಣವೂ ಸೇರುತ್ತದೆ ಎಂದು ಕಾನೂನಿನಲ್ಲಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮೊದಲ ಆಸೆ ಕಪ್ಪು. ಹಳೇ ಕಾರಿನವರ ಕಣ್ಣಿಗೆ ಕಪ್ಪು ಒಂದು ಬಣ್ಣವಲ್ಲ, ಒಂದು ವಂಶ. ಮ್ಯಾಟ್ ಕಪ್ಪು, ಸ್ಯಾಟಿನ್ ಕಪ್ಪು, ಸೆಮಿ ಗ್ಲಾಸ್ ಕಪ್ಪು, ಪೂರ್ತಿ ಗ್ಲಾಸ್ ಕಪ್ಪು. ಪೇಂಟರ್ ಮೇಸ್ತ್ರಿ ತಗಡಿನ ತುಂಡುಗಳ ಮೇಲೆ ಒಂದೊಂದನ್ನೂ ಹೊಡೆದು ಕೊಟ್ಟರು. ಆ ತುಂಡುಗಳು ಊಟದ ಮೇಜಿನ ಮೇಲೆ ಸಾಲಾಗಿ ಕೂತವು. ಬೆಳಗಿನ ಬಿಸಿಲಲ್ಲಿ ಒಮ್ಮೆ ನೋಡುವುದು, ಟ್ಯೂಬ್‌ಲೈಟಿನಲ್ಲಿ ಒಮ್ಮೆ. ಅಕ್ಕ ಸಾರಿನ ಪಾತ್ರೆ ಇಡಲು ಜಾಗವಿಲ್ಲದೆ ನಿಂತು, "ಎಲ್ಲಾ ಕಪ್ಪೇ ಅಲ್ವೇನ್ರೀ?" ಅಂದಳು. ಭಾವ ಆ ದಿನ ಊಟ ಮಾಡಿದ್ದು ಮೌನವಾಗಿ.

ತಮಾಷೆ ಬಿಟ್ಟು ಹೇಳುವುದಾದರೆ ಆ ಕಪ್ಪುಗಳಲ್ಲಿ ವ್ಯತ್ಯಾಸ ಇದ್ದೇ ಇದೆ. ಮ್ಯಾಟ್ ನೋಡಲು ಚೆಂದ, ಮುಟ್ಟಿದರೆ ಬೆರಳಚ್ಚು. ಅದರ ಮೇಲ್ಮೈ ತರಿತರಿ, ಗ್ರೀಸ್ ಕೂತರೆ ಒರೆಸಿದಷ್ಟೂ ಹರಡುತ್ತದೆ. ಗ್ಲಾಸ್ ಒರೆಸಲು ಸುಲಭ, ಆದರೆ ಐವತ್ತು ವರ್ಷದಲ್ಲಿ ತಗಡಿಗೆ ಬಿದ್ದ ಪ್ರತಿ ತಗ್ಗನ್ನೂ ಅದು ಊರಿಗೆ ಸಾರುತ್ತದೆ. ನಡುವಿನ ಸೆಮಿ ಗ್ಲಾಸ್ ಎರಡನ್ನೂ ಒಂದಿಷ್ಟು ಕ್ಷಮಿಸುತ್ತದೆ. ಅಮೆರಿಕದಲ್ಲಿ 1960ರ ದಶಕದ ಫೋರ್ಡ್ ಮಸ್ಟಾಂಗ್‌ಗಳ ಎಂಜಿನ್ ಗೂಡಿಗೆ ಕಾರ್ಖಾನೆಯಲ್ಲೇ ಸೆಮಿ ಗ್ಲಾಸ್ ಕಪ್ಪು ಹೊಡೆದು ಕಳಿಸುತ್ತಿದ್ದರು. ಆ 'ಸೆಮಿ' ಎಂದರೆ ಶೇಕಡಾ ಎಷ್ಟು ಹೊಳಪು ಎಂದು ಅಲ್ಲಿನವರು ಈಗಲೂ ಜಗಳವಾಡುತ್ತಾರಂತೆ. ಆ ಸುದ್ದಿ ಕೇಳಿ ಅಕ್ಕನಿಗೆ ಸಮಾಧಾನವಾಯಿತು, ಊರಿಗೊಬ್ಬರು ಹೀಗೆ ಇರುತ್ತಾರೆ ಅಂತ.

ಆದರೆ ಫಿಯೆಟ್‌ಗೆ ಕಪ್ಪು ಯಾಕೆ? ಮನೆಮಂದಿಗೆಂದು ಮಾಡಿದ ಈ ಕಾರುಗಳಲ್ಲಿ ಹೊರಗೆ ಹೊಡೆದ ಬಣ್ಣವೇ ಗೂಡಿನ ಒಳಗೂ ಬೀಳುತ್ತಿತ್ತು. ಕಾರ್ಖಾನೆಯವನು ಬಾಡಿಯ ಮೇಲೆ ಸ್ಪ್ರೇ ಗನ್ ಹಿಡಿದಾಗ ಒಳಕ್ಕೆ ಎಷ್ಟು ಮುಟ್ಟಿತೋ ಅಷ್ಟು, ಮುಟ್ಟದ ಮೂಲೆಯಲ್ಲಿ ಪ್ರೈಮರ್. ಕಪ್ಪಿನ ಮೇಲೆ ನನ್ನ ತಕರಾರು ಬೇರೆಯೇ: ಅದು ಸೋರುವುದನ್ನು ಮುಚ್ಚಿಹಾಕುತ್ತದೆ. ಹಳೇ ಎಂಜಿನ್ ಎಂದಮೇಲೆ ಎಲ್ಲೋ ಒಂದು ಕಡೆ ಎಣ್ಣೆ ಜಿನುಗಲೇಬೇಕು. ತಿಳಿ ಬಣ್ಣದ ಗೂಡಿನಲ್ಲಿ ಎಲ್ಲಿಂದ ಬಂತು, ಎಲ್ಲಿಗೆ ಹರಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಕಪ್ಪಿನಲ್ಲಿ ಅದು ಗೊತ್ತಾಗುವುದು ಮನೆ ಮುಂದೆ ರಂಗೋಲಿ ಹಾಕುವ ಜಾಗದಲ್ಲಿ. ಹೀಗೆಂದು ಭಾವನಿಗೆ ಹೇಳಿದೆ. "ಸೋರೋದು ಬೇರೆಯವರಿಗೂ ಕಾಣಿಸುತ್ತಲ್ಲೋ" ಅಂದರು. ನೋಡಿ, ಅಲ್ಲಿಗೆ ಬಂತು ವಿಷಯ. ಬಣ್ಣ ಎಂಜಿನ್ನಿಗಲ್ಲ, ಬಗ್ಗಿ ನೋಡುವ ಆ ಬೇರೆಯವರಿಗೆ. ನಮ್ಮ ಜನಕ್ಕೆ ಬೇರೆಯವರ ಬಾನೆಟ್ಟಿನಲ್ಲಿ ಬಗ್ಗುವ ಹಕ್ಕು ಹುಟ್ಟಿನಿಂದಲೇ ಬಂದಿದೆ. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನೋಡಿ, ನಾಲ್ಕು ಜನ ಬರುತ್ತಾರೆ, ಐದು ಸಲಹೆ ಕೊಡುತ್ತಾರೆ.

ಈ ವಿಷಯದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ. ಅದರ ಬಾನೆಟ್ಟು, ಮಡ್‌ಗಾರ್ಡು, ದೀಪ ಎಲ್ಲವೂ ಒಟ್ಟಿಗೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ ಮೂರು ಕಡೆಯಿಂದ ಬಯಲು, ಜೊತೆಗೆ ಚಕ್ರ, ಸಸ್ಪೆನ್ಷನ್, ಷಾಸಿಯ ಮೂತಿ. ಬೇರೆಯವರು ಒಂದು ಗೂಡಿಗೆ ಬಣ್ಣ ಹೊಡೆಸಿದರೆ ಹೆರಾಲ್ಡ್‌ನವರು ಅರ್ಧ ಕಾರಿಗೆ ಎರಡನೇ ಸಲ ಹೊಡೆಸಬೇಕು. ಇವರ ಮುಂದೆ ಮಾತ್ರ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ಗೂಡು ಮುಗಿದರೆ ಎಂಜಿನ್ನಿನ ಸರದಿ. ಹೊರದೇಶದಲ್ಲಿ ಎಂಜಿನ್ನಿಗೂ ಗೋತ್ರ ಸೂತ್ರ ಇದೆ. ಷೆವ್ರೊಲೆ ವಿ-8 ಎಂದರೆ ಕಿತ್ತಳೆ. ಫೋರ್ಡ್ 1966ರಿಂದ ತನ್ನ ಎಂಜಿನ್ನುಗಳಿಗೆಲ್ಲ ಒಂದೇ ನೀಲಿ ಬಳಿಯಿತು. ಇಂಗ್ಲೆಂಡಿನ ಮಾರಿಸ್ ಮೈನರ್ ಎಂಜಿನ್ ಹಸಿರು, ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನದು ಕೆಂಗಂದು. ಜಾಗ್ವಾರ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ. ಒಂದೇ ಎಂಜಿನ್ನಿಗೆ ಬೇರೆ ಬೇರೆ ಸಿಲಿಂಡರ್ ಹೆಡ್ ಮಾಡಿ, ಸಿ-ಟೈಪ್ ಹೆಡ್‌ಗೆ ಕೆಂಪು, ಬಿ-ಟೈಪ್‌ಗೆ ಆಕಾಶ ನೀಲಿ, ನೇರ ಪೋರ್ಟಿನದಕ್ಕೆ ಚಿನ್ನದ ಬಣ್ಣ ಕೊಟ್ಟರು. ಬಣ್ಣ ನೋಡಿಯೇ ಅಂತಸ್ತು ತಿಳಿಯಬೇಕು! ಈಗ ಬಿ-ಟೈಪ್ ಹೆಡ್‌ಗೆ ಚಿನ್ನ ಬಳಿದು ಓಡಾಡುವ ಪುಣ್ಯಾತ್ಮರೂ ಇರಬೇಕು. ಇಲ್ಲದಿದ್ದರೆ ಮನುಷ್ಯ ಸ್ವಭಾವದ ಮೇಲೆ ನನಗಿರುವ ನಂಬಿಕೆಯೇ ಹೋಗುತ್ತದೆ. ಇಟಲಿಯ ಫೆರಾರಿಯಲ್ಲಂತೂ 1957ರ ಟೆಸ್ಟಾ ರೊಸ್ಸಾ ರೇಸ್ ಕಾರಿಗೆ ಆ ಹೆಸರು ಬಂದದ್ದೇ ಎಂಜಿನ್ ತಲೆಯ ಮುಚ್ಚಳಕ್ಕೆ ಬಳಿದ ಕೆಂಪಿನಿಂದ.

ಇವನ್ನೆಲ್ಲ ಕೇಳಿಸಿಕೊಂಡ ಮೇಲೆ ಭಾವನ ಕಣ್ಣು ಕೆಂಪಿನ ಕಡೆ ಹೊರಳಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಣ್ಣದ ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಚ್ಚಿದರು. ನಮ್ಮ ದೇಶದ ಎನಾಮಲ್ ಬಣ್ಣಗಳಿಗೆ ಐ.ಎಸ್. 5 ಎಂಬ ಮಾನಕವಿದೆ. ಪಿ.ಓ. ರೆಡ್, ಸಿಗ್ನಲ್ ರೆಡ್, ಆಕ್ಸ್‌ಫರ್ಡ್ ಬ್ಲೂ, ಸ್ಮೋಕ್ ಗ್ರೇ, ಡಿ.ಎ. ಗ್ರೇ ಎಲ್ಲ ಅದರೊಳಗಿನವು. ಅಂಚೆ ಡಬ್ಬಿಯ ಕೆಂಪು ಬೇಕೋ ರೈಲ್ವೆ ಸಿಗ್ನಲ್ಲಿನ ಕೆಂಪು ಬೇಕೋ ಎಂದು ಅಂಗಡಿಯವನು ಕೇಳಿದ. ಅಷ್ಟರಲ್ಲಿ ಪಕ್ಕದಲ್ಲಿ ಥಿನ್ನರ್ ಕೊಳ್ಳುತ್ತಿದ್ದ ಹಳೇ ಮೆಕ್ಯಾನಿಕ್ಕೊಬ್ಬರು, "ಫಿಯೆಟ್‌ಗಾ ಸಾರ್? ಬೂದು ಹೊಡೀರಿ. ಕೆಂಪು ಹೊಡೆದ್ರೆ ಡೀಸೆಲ್ ಪಂಪ್‌ಸೆಟ್ ಅನ್ಕೋತಾರೆ" ಅಂದು ಹೋಗಿಬಿಟ್ಟರು. ಅಲ್ಲಿಗೆ ಟೆಸ್ಟಾ ರೊಸ್ಸಾ ಕನಸು ಮುಗಿಯಿತು. ಬ್ಲಾಕಿಗೆ ಬೂದು ಬಂತು. ಒಂದು ಮಾತು ಹೇಳಬೇಕು: ಬ್ಲಾಕಿನ ಮೈಗೆ ಭಾರೀ ಬಣ್ಣದ ಅಗತ್ಯವಿಲ್ಲ. ಸುತ್ತ ನೀರು ಹರಿಯುವುದರಿಂದ ಅದರ ಬಿಸಿ ಸಾಮಾನ್ಯವಾಗಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಚೆನ್ನಾಗಿ ಜಿಡ್ಡು ತೆಗೆದು, ಎಂಜಿನ್ ಎನಾಮಲನ್ನು ಬ್ರಷ್ಷಿನಲ್ಲೇ ಹಚ್ಚಿದರೂ ವರ್ಷಗಟ್ಟಲೆ ಕೂರುತ್ತದೆ. ಜಿಡ್ಡು ತೆಗೆಯುವುದೇ ಮುಕ್ಕಾಲು ಕೆಲಸ, ಅದರ ಬಗ್ಗೆ ಮಾತ್ರ ಯಾರಿಗೂ ಹರಟುವ ಉತ್ಸಾಹವಿಲ್ಲ.

ಬಿಸಿ ಎಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಉರಿದ ಹೊಗೆ ಮೊದಲು ಬಂದು ಬೀಳುವ ಎರಕದ ಕಬ್ಬಿಣ. ಗಾಡಿ ಭಾರ ಹೊತ್ತು ಘಾಟಿ ಹತ್ತುವಾಗ ಅದು ಐನೂರು ಡಿಗ್ರಿ ದಾಟಬಲ್ಲದು. ಯಾವ ಮಾಮೂಲಿ ಬಣ್ಣವಾದರೂ ಮೊದಲ ದಿನ ಹೊಗೆ, ಎರಡನೇ ದಿನ ಹಪ್ಪಳಿಕೆ, ಆಮೇಲೆ ತುಕ್ಕು. ಭಾವನಿಗೆ ಅದೂ ಹೊಳೆಯಬೇಕು. ಅಕ್ಕ ಆಗ ಹೇಳಿದ ಮಾತನ್ನು ನಾನು ಇನ್ನೂ ಹಲವರಿಗೆ ಹೇಳುತ್ತಿರುತ್ತೇನೆ: "ದೋಸೆ ಕಾವಲಿಗೆ ಯಾರಾದ್ರೂ ಪೇಂಟ್ ಹೊಡೀತಾರೇನ್ರೀ?"

ಹೊಡೆಯುವವರಿದ್ದಾರೆ. ಜಾಗ್ವಾರ್‌ನವರು ಮ್ಯಾನಿಫೋಲ್ಡಿಗೆ ಕರಿ ಪಿಂಗಾಣಿಯನ್ನೇ ಸುಟ್ಟು ಕೂರಿಸುತ್ತಿದ್ದರು. ಈಗ ಸೆರಾಮಿಕ್ ಲೇಪನ ಸಿಗುತ್ತದೆ, ದುಬಾರಿ. ಅಗ್ಗದ ದಾರಿ ಸಿಲಿಕೋನ್ ಆಧಾರದ ಹೀಟ್ ಪ್ರೂಫ್ ಪೇಂಟ್. ಆರುನೂರು ಡಿಗ್ರಿ ತಾಳುತ್ತದೆ, ಆದರೆ ಷರತ್ತುಗಳು ಬಹಳ. ಕಬ್ಬಿಣ ಬೆತ್ತಲಿರಬೇಕು, ಕೆಳಗೆ ಮಾಮೂಲಿ ಪ್ರೈಮರ್ ಹಾಕಕೂಡದು, ತೆಳುವಾಗಿ ಹೊಡೆಯಬೇಕು. ಹೊಡೆದ ಮೇಲೆ ಹಂತಹಂತವಾಗಿ ಕಾಯಿಸಿ ಆರಿಸಿದರೆ ಮಾತ್ರ ಗಟ್ಟಿಯಾಗುತ್ತದೆ. ಮೊದಲು ನೂರಿಪ್ಪತ್ತು ಡಿಗ್ರಿ, ಆರಿಸಿ ಇನ್ನೂರು, ಮತ್ತೆ ಆರಿಸಿ ಮುನ್ನೂರರ ಮೇಲೆ. ಡಬ್ಬಿಯ ಮೇಲಿನ ಈ ಸೂಚನೆ ಓದುತ್ತಿದ್ದಾಗ ಭಾವನ ದೃಷ್ಟಿ ಅಡುಗೆಮನೆಯ ಕಡೆ ಹೋದದ್ದನ್ನು ಅಕ್ಕ ಗಮನಿಸಿದಳು. ಓವನ್ನಿನ ಪ್ಲಗ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಒಳ್ಳೆಯದೇ ಆಯಿತು. ಮನೆಯ ಓವನ್ ಮುನ್ನೂರು ಮುಟ್ಟುವುದಿಲ್ಲ, ಆ ಬಣ್ಣದ ಹೊಗೆ ಕುಡಿದ ಓವನ್ನಿನಲ್ಲಿ ಮತ್ತೆ ಕೇಕ್ ಮಾಡಲೂಬಾರದು. ಕೊನೆಗೆ ಮ್ಯಾನಿಫೋಲ್ಡನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಗ್ರಾಫೈಟ್ ಪುಡಿಯ ಪಾಲಿಷ್ ತಿಕ್ಕಿ ಬಿಟ್ಟರು. ಕಾವಲಿಯ ಕಪ್ಪೇ ಬಂತು. ಅಕ್ಕ ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಇನ್ನು ಗೂಡಿನ ಬಣ್ಣ ಯಾವ ಜಾತಿಯದು? ಇಲ್ಲಿ ಮೇಸ್ತ್ರಿಯ ಮಾತೇ ಕಡೆಯ ಮಾತು. ಎನ್.ಸಿ. ಅಥವಾ ಪಿ.ಯು. ಎನ್.ಸಿ. ಎಂದರೆ ನೈಟ್ರೋಸೆಲ್ಯುಲೋಸ್, ನಮ್ಮ ಗ್ಯಾರೇಜುಗಳಲ್ಲಿ ಡ್ಯೂಕೋ ಅನ್ನುವುದು ಇದನ್ನೇ. 1920ರ ದಶಕದ ಆರಂಭದಲ್ಲಿ ಡ್ಯೂಪಾಂಟ್ ಮತ್ತು ಜನರಲ್ ಮೋಟರ್ಸ್ ಸೇರಿ ಇದನ್ನು ಕಾರಿಗೆ ತಂದವು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರು ಇದನ್ನು ಬಳಿದುಕೊಂಡು ನೀಲಿ ನೀಲಿಯಾಗಿ ಮಾರುಕಟ್ಟೆಗೆ ಬಂತು. ಅದಕ್ಕೆ ಮುಂಚೆ ಬಣ್ಣದ ಕಾರು ಎಂದರೆ ಪದರದ ಮೇಲೆ ಪದರ ವಾರ್ನಿಷ್, ಒಣಗಲು ವಾರಗಟ್ಟಲೆ ಕಾಯುವುದು. ಫೋರ್ಡ್ ಮಾಡೆಲ್ ಟಿ 1914ರಿಂದ 1925ರವರೆಗೆ ಬರೀ ಕಪ್ಪಿನಲ್ಲೇ ಬಂದ ಕಾಲ ಅದು. ಡ್ಯೂಕೋ ಗಂಟೆಗಳಲ್ಲಿ ಒಣಗಿತು, ಕಾರುಗಳಿಗೆ ಬಣ್ಣ ಬಂತು.

ಪಿ.ಯು., ಅಂದರೆ ಪಾಲಿಯುರೆಥೇನ್, ಬೇರೆ. ಬಣ್ಣಕ್ಕೆ ಹಾರ್ಡ್‌ನರ್ ಬೆರೆಸಿ ಹೊಡೆಯಬೇಕು, ಕಲ್ಲಿನ ಹಾಗೆ ಕೂರುತ್ತದೆ, ಪೆಟ್ರೋಲ್ ಬಿದ್ದರೂ ಜಗ್ಗುವುದಿಲ್ಲ. ಮೇಸ್ತ್ರಿಯ ತೀರ್ಪು ಹೀಗಿತ್ತು: "ಎನ್.ಸಿ. ಹೊಡೆದ್ರೆ ಇವತ್ತು ಗೀರಿದ್ದು ಇವತ್ತೇ ಸರಿ ಮಾಡ್ಕೋಬಹುದು ಸಾರ್. ಪಿ.ಯು. ಗೀರೋದೂ ಕಷ್ಟ, ಗೀರಿದ್ರೆ ಸರಿ ಮಾಡೋದೂ ಕಷ್ಟ. ನೀವು ದಿನಾ ಸ್ಪ್ಯಾನರ್ ಬೀಳಿಸೋರೋ, ವರ್ಷಕ್ಕೊಂದು ಸಲ ಬಾನೆಟ್ ಎತ್ತೋರೋ, ಮೊದಲು ಅದು ಹೇಳಿ." ಭಾವ ಇದಕ್ಕೆ ಉತ್ತರ ಹೇಳದೆ ಪಿ.ಯು. ಅಂದರು. ಗನ್ ಹಿಡಿಯುವ ಹೊತ್ತಿಗೆ ಮೇಸ್ತ್ರಿ ಮೂಗಿಗೆ ಕರ್ಚೀಫ್ ಕಟ್ಟಿಕೊಂಡರು. ಇಲ್ಲಿ ಮಾತ್ರ ನಾನು ತಮಾಷೆ ಮಾಡಲಾರೆ. ಹಾರ್ಡ್‌ನರ್‌ನಲ್ಲಿರುವ ಐಸೋಸಯನೇಟ್ ಉಸಿರಾಟಕ್ಕೆ ಶತ್ರು, ಆಸ್ತಮಾ ತರಿಸುತ್ತದೆ. ಕರ್ಚೀಫ್ ಅದನ್ನು ಒಂದು ಕೂದಲೆಳೆಯಷ್ಟೂ ತಡೆಯುವುದಿಲ್ಲ. ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖವಾಡ ಬೇಕು, ಮುಚ್ಚಿದ ಬೂತ್ ಬೇಕು. ಭಾವ ಎರಡೂ ಇರುವ ಕಡೆಗೆ ಮೇಸ್ತ್ರಿಯನ್ನೇ ಕರೆದುಕೊಂಡು ಹೋಗಿ ಹೊಡೆಸಿದರು. ಇಡೀ ಪುರಾಣದಲ್ಲಿ ನಾನು ಅವರನ್ನು ಮನಸಾರೆ ಹೊಗಳಿದ್ದು ಅದೊಂದಕ್ಕೆ.

ಯಾವ ಬಣ್ಣವನ್ನೂ ಬಿಡದ ಇಬ್ಬರು ವೈರಿಗಳು ಗೂಡಿನೊಳಗೇ ಇದ್ದಾರೆ. ಒಂದು ಬ್ರೇಕ್ ಆಯಿಲ್. ಮಾಮೂಲಿ ಬ್ರೇಕ್ ಆಯಿಲ್ ಚೆಲ್ಲಿದ ಕಡೆ ಬಣ್ಣ ಸುಕ್ಕುಗಟ್ಟಿ ಎದ್ದು ಬರುತ್ತದೆ. ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಬೇಕು. ಇನ್ನೊಂದು ಬ್ಯಾಟರಿಯ ಆಸಿಡ್. ಅದಕ್ಕೆ ಅಡುಗೆ ಸೋಡಾ ಕದಡಿದ ನೀರು, ಬ್ಯಾಟರಿಯ ಕೆಳಗೊಂದು ರಬ್ಬರ್ ಹಾಸು. ಮೂರನೆಯವನೊಬ್ಬ ಇದ್ದಾನೆ, ಅವನನ್ನು ಕರೆದು ತಂದದ್ದು ನಾವೇ: ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಂತಾಗ ಪಂಪಿನ ಮೇಲೆ ಹಾಕುವ ಒದ್ದೆ ಬಟ್ಟೆ. ಸಾವಿರಾರು ರೂಪಾಯಿಯ ಬಣ್ಣದ ಮೇಲೆ ಒಂದು ಹಳೇ ಬನಿಯನ್ನು ತೊಟ್ಟಿಕ್ಕುತ್ತಾ ಕೂತಿರುವ ದೃಶ್ಯ ಫಿಯೆಟ್ ಇದ್ದವರಿಗೆಲ್ಲ ಗೊತ್ತು.

ಇಷ್ಟು ಮಾಡಿದ ಮೇಲೂ ಒಂದು ಪಾಪಭಯ ಉಳಿಯುತ್ತದೆ: ಕಾರ್ಖಾನೆಯಿಂದ ಬಂದದ್ದಕ್ಕಿಂತ ಚೆನ್ನಾಗಿಬಿಟ್ಟರೆ? ನಗಬೇಡಿ, ಇದು ದೊಡ್ಡ ಅಪರಾಧ. ಅಮೆರಿಕದ ಕೆಲವು ಸ್ಪರ್ಧೆಗಳಲ್ಲಿ ಅತಿಯಾಗಿ ಹೊಳೆಯುವ ಕಾರಿಗೆ ಅಂಕ ಕಳೆಯುತ್ತಾರೆ. ಹಾಗಾಗಿ ಅಲ್ಲಿನ ನುರಿತವರು ಕಾರ್ಖಾನೆಯ ಕೆಲಸಗಾರ ಅವಸರದಲ್ಲಿ ಮಾಡಿದ ಅಧ್ವಾನವನ್ನೂ ದುಡ್ಡು ಕೊಟ್ಟು ಮಾಡಿಸುತ್ತಾರೆ. ಗನ್ನಿನ ಬಣ್ಣ ಪೈಪಿನ ಮೇಲೆ ಹಾರಿದ್ದು, ಬಣ್ಣ ಇಳಿದು ತೊಟ್ಟಾಗಿ ನಿಂತದ್ದು, ತಪಾಸಣೆಯವನು ಬಳಪದಲ್ಲಿ ಗೀಚಿದ ಗುರುತು, ಬೋಲ್ಟ್ ಬಿಗಿಯಾಗಿದೆ ಎಂದು ತಟ್ಟಿದ ಬಣ್ಣದ ಚುಕ್ಕೆ, ಯಾವುದೂ ಬಿಡುವಂತಿಲ್ಲ. 1967ರಲ್ಲಿ ಸಂಬಳಕ್ಕೆ ಮಾಡಿದ ಸೋಮಾರಿತನವನ್ನು ಈಗ ಕಲಾವಿದನ ಕೈಯಲ್ಲಿ ಅಳತೆ ಹಿಡಿದು ಮಾಡಿಸುವುದು! ಭಾವ ಇದನ್ನು ಮೇಸ್ತ್ರಿಗೆ ಹೇಳಿ, "ಇಲ್ಲೊಂದು ಸ್ವಲ್ಪ ಇಳಿಯೋ ಹಾಗೆ ಹೊಡೀತೀರಾ?" ಎಂದು ಕೇಳಿದರು. ಮೇಸ್ತ್ರಿ ಗನ್ ಕೆಳಗಿಟ್ಟರು. "ಸಾರ್, ನಲವತ್ತು ವರ್ಷದಿಂದ ಇಳೀದೇ ಇರೋ ಹಾಗೆ ಹೊಡೆಯೋದು ಕಲೀತಿದೀನಿ" ಎಂದರು. ಕೂಲಿಗಿಂತ ಮರ್ಯಾದೆ ದೊಡ್ಡದು. ಗೂಡು ನುಣ್ಣಗೇ ಉಳಿಯಿತು.

ಬ್ರಾಕೆಟ್ಟು, ಕ್ಲಿಪ್ಪು, ನಟ್ಟು ಬೋಲ್ಟುಗಳಿಗೆ ಬಣ್ಣವಲ್ಲ, ಪ್ಲೇಟಿಂಗ್. ಹಿಂದೆ ಇವಕ್ಕೆ ಕ್ಯಾಡ್ಮಿಯಂ ಕೊಡುತ್ತಿದ್ದುದುಂಟು, ಅದು ವಿಷ. ಈಗ ಚಿನ್ನದ ಛಾಯೆಯ ಹಳದಿ ಜಿಂಕ್. ಪೀಣ್ಯದಲ್ಲಿ ಪ್ಲೇಟಿಂಗ್ ಶೆಡ್‌ಗಳಿಗೆ ಬರವಿಲ್ಲ. ಆದರೆ ಅವರು ತೂಗುವುದು ಕಿಲೋ ಲೆಕ್ಕದಲ್ಲಿ. ಭಾವ ಚೀಟಿ ಅಂಟಿಸಿ, ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಟ್ಟ ಬೋಲ್ಟುಗಳು ಒಂದೇ ಚೀಲದಲ್ಲಿ ಕುಲಗೋತ್ರ ಕಳೆದುಕೊಂಡು ವಾಪಸ್ಸಾದವು. ಒಂದು ಎಚ್ಚರಿಕೆ: ಹೆಡ್ ಬೋಲ್ಟಿನಂಥ ಗಟ್ಟಿ ಉಕ್ಕಿನವನ್ನು ಈ ಚೀಲಕ್ಕೆ ಸೇರಿಸಬೇಡಿ. ಆಸಿಡ್ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಹುದು. ಬಿಗಿದಾಗ ಏನೂ ಆಗದೆ ಆಮೇಲೆ ಮುರಿಯುತ್ತದೆ. ಪೌಡರ್ ಕೋಟಿಂಗ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಕಿಟಕಿ ಕಂಬಿಗೆ ಸರಿ. ದಪ್ಪ ಕೂರುತ್ತದೆ, ಮರೆಯಲ್ಲಿ ಚಕ್ಕೆ ಎದ್ದರೆ ಅಡಿಯಲ್ಲೇ ತುಕ್ಕು ಸಂಸಾರ ಹೂಡುತ್ತದೆ, ತೇಪೆ ಹಾಕಲು ಬರುವುದಿಲ್ಲ. ಎಂಜಿನ್ ನಂಬರ್, ಷಾಸಿ ನಂಬರ್ ಮೇಲೆ ಯಾವ ಬಣ್ಣವನ್ನೂ ದಪ್ಪಗೆ ಬಳಿಯಬೇಡಿ. ಆರ್.ಟಿ.ಓ. ಇನ್‌ಸ್ಪೆಕ್ಟರರು ಓದಲು ಬರುವುದು ಅದೊಂದನ್ನೇ.

ಎಲ್ಲ ಮುಗಿದು ಗಾಡಿ ಜೋಡಿಸಿದ ದಿನ ಮನೆ ಮುಂದೆ ಜನ ಸೇರಿದರು. ಪೂಜೆಯಾಯಿತು, ನಿಂಬೆಹಣ್ಣು ಇಟ್ಟಾಯಿತು. ಬಾನೆಟ್ ತೆರೆದೇ ಇತ್ತು, ಬೇಕೆಂದೇ. ಭಾವ ಕೂತು ಸ್ಟಾರ್ಟರ್ ಎಳೆದರು. ಟಕ್ ಅಂತು, ಅಷ್ಟೇ. ಮತ್ತೆ ಎಳೆದರು. ಟಕ್. ಇನ್ನೊಂದು ಸಲ ಎಳೆದಾಗ ಚೋಕ್ ಕೇಬಲ್ಲಿನಿಂದ ಸಣ್ಣಗೆ ಹೊಗೆ ಎದ್ದಿತು. ಸೇರಿದವರಲ್ಲಿ ನಾಲ್ವರು ಐದು ಸಲಹೆ ಕೊಟ್ಟರು. ಗ್ಯಾರೇಜಿನ ಹುಡುಗ ಬಂದು ಒಮ್ಮೆ ಬಗ್ಗಿ ನೋಡಿ ನಕ್ಕ. ಎಂಜಿನ್ ಕೂತಿರುವುದು ರಬ್ಬರ್ ಬುಷ್ ಮೇಲೆ. ಅದಕ್ಕೂ ಬಾಡಿಗೂ ಕರೆಂಟಿನ ಸಂಬಂಧ ಒಂದು ಅರ್ತ್ ಪಟ್ಟಿಯಿಂದ ಮಾತ್ರ. ಆ ಪಟ್ಟಿಯ ಬೋಲ್ಟನ್ನು ಬಿಗಿದದ್ದು ಕನ್ನಡಿಯ ಹಾಗಿದ್ದ ಪಿ.ಯು. ಬಣ್ಣದ ಮೇಲೆ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ಸ್ಟಾರ್ಟರಿಗೆ ಬೇಕಾದ ನೂರಾರು ಆಂಪಿಯರ್ ಬೇರೆ ದಾರಿ ಕಾಣದೆ ಬಡಪಾಯಿ ಚೋಕ್ ಕೇಬಲ್ಲಿನಲ್ಲಿ ನುಗ್ಗಿತ್ತು.

ಹುಡುಗ ಸ್ಕ್ರೂ ಡ್ರೈವರ್ ತೆಗೆದ. ಭಾವ "ಏಯ್, ಏಯ್" ಅನ್ನುವಷ್ಟರಲ್ಲಿ ಎಂಟಾಣೆ ಅಗಲದ ಜಾಗದಲ್ಲಿ ಪೇಂಟು, ಪ್ರೈಮರು ಎರಡೂ ಕರಕರ ಕೆರೆದು ಬಿಳಿ ತಗಡು ತೋರಿಸಿದ. ಪಟ್ಟಿ ಬಿಗಿದ. ಗಾಡಿ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರೆ ಭಾವ ಮಾತ್ರ ಆ ಎಂಟಾಣೆ ಜಾಗವನ್ನೇ ನೋಡುತ್ತಿದ್ದರು.

"ಅಲ್ಲಿ ತುಕ್ಕು ಹಿಡಿಯಲ್ವೇನೋ?"

"ಒಂಚೂರು ಗ್ರೀಸ್ ಹಚ್ಚಿಬಿಡ್ತೀನಿ ಸಾರ್" ಅಂದ ಹುಡುಗ.

ಭಾವ ಸ್ವಲ್ಪ ಯೋಚಿಸಿದರು. "ಯಾವ ಬಣ್ಣದ್ದು?"